ಬೆಕ್ಕಿನ ಊಟದ ಲೆಕ್ಕದಲ್ಲಿ ಇಲಿ

ಕೊಡಗಿನ ಯಾವುದಾದರೂ ತೋಟದ ಮನೆಯಲ್ಲಿ ಬೆಕ್ಕಿಗೆ ಏನು ಹಾಕುತ್ತೀರಿ ಎಂದು ಕೇಳಿ ನೋಡಿ. ಅನ್ನಕ್ಕೆ ಒಂದಿಷ್ಟು ಹಾಲು, ಮೀನಿನ ವ್ಯಾನು ಬಂದ ದಿನ ಮತ್ತಿಯ ತಲೆ, ಕೋಳಿ ಮಾಡಿದ ದಿನ ಅದರ ಚರ್ಮ, ಏನೂ ಇಲ್ಲದ ದಿನ ಒಣಮೀನು ಕಿವುಚಿದ ಅನ್ನ. ಇದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: ಅಜ್ಜಿಯ ಕಾಲದಿಂದಲೂ ಇದನ್ನೇ ಹಾಕಿದ್ದು, ಬೆಕ್ಕುಗಳು ಗಟ್ಟಿಮುಟ್ಟಾಗಿಯೇ ಇದ್ದವು. ಆ ಮಾತಿನಲ್ಲಿ ಸುಳ್ಳಿಲ್ಲ. ಅದರಲ್ಲಿ ಒಂದು ಪದಾರ್ಥ ಮಾತ್ರ ಬಿಟ್ಟುಹೋಗಿದೆ.

ಆ ಬೆಕ್ಕುಗಳು ಇಲಿ ತಿನ್ನುತ್ತಿದ್ದವು. ಕಾಫಿ ಗೋದಾಮಿನಲ್ಲಿ, ಭತ್ತದ ಪತ್ತಾಯದ ಅಡಿಯಲ್ಲಿ, ಗದ್ದೆಯ ಬದುವಿನಲ್ಲಿ ರಾತ್ರಿಯಿಡೀ ಅವುಗಳ ನಿಜವಾದ ಊಟ ನಡೆಯುತ್ತಿತ್ತು. 20 ಗ್ರಾಂ ತೂಗುವ ಒಂದು ಚಿಟ್ಟಿಲಿಯಲ್ಲಿ ಸುಮಾರು 30 ಕಿಲೊಕ್ಯಾಲರಿ ಶಕ್ತಿ ಇರುತ್ತದೆ. 4 ಕಿಲೊ ತೂಕದ ಬೆಕ್ಕಿಗೆ ದಿನಕ್ಕೆ ಬೇಕಾದದ್ದು 200ರಿಂದ 250. ಅಂದರೆ ಏಳೆಂಟು ಇಲಿ ಸಿಕ್ಕರೆ ದಿನದ ಊಟ ಮುಗಿಯಿತು. ಆ ಇಲಿಯ ಮೂಳೆಯಲ್ಲಿ ಕ್ಯಾಲ್ಸಿಯಂ, ಹೃದಯ ಮತ್ತು ಮಾಂಸಖಂಡದಲ್ಲಿ ಟಾರಿನ್ ಎಂಬ ಅಮೈನೊ ಆಮ್ಲ, ಪಿತ್ತಜನಕಾಂಗದಲ್ಲಿ ಎ ಜೀವಸತ್ವ. ಇಲಿಯ ಮೈಯ ಮೂರರಲ್ಲಿ ಎರಡು ಭಾಗದಷ್ಟು ನೀರೇ ಆದ್ದರಿಂದ ನೀರಿನ ಅಗತ್ಯವೂ ಬಹುಪಾಲು ಅಲ್ಲೇ ತೀರುತ್ತಿತ್ತು. ಒಲೆಯ ಪಕ್ಕದ ತಟ್ಟೆಯಲ್ಲಿದ್ದ ಹಾಲು-ಅನ್ನ ಮೇಲುತಿಂಡಿ ಅಷ್ಟೆ.

ಈಗ ಕುಶಾಲನಗರದ ಬಡಾವಣೆಯಲ್ಲೋ ಮಡಿಕೇರಿಯ ಬಾಡಿಗೆ ಮನೆಯಲ್ಲೋ ಇರುವ ಬೆಕ್ಕನ್ನು ನೋಡಿ. ಅದಕ್ಕೆ ಸಂತಾನಹರಣ ಚಿಕಿತ್ಸೆ ಆಗಿದೆ, ಬಾಗಿಲು ದಾಟಿ ಹೋಗುವುದಿಲ್ಲ, ಇಲಿಯ ಮುಖವನ್ನೇ ಕಂಡಿಲ್ಲ. ತಟ್ಟೆ ಮಾತ್ರ ಅಜ್ಜಿಯ ಕಾಲದ್ದೇ. ಬೆಕ್ಕಿನ ಆಹಾರದ ಬಗ್ಗೆ ಕಿವಿಗೆ ಬೀಳುವ ಬಹುತೇಕ ತಪ್ಪು ಸಲಹೆಗಳ ಮೂಲ ಇಲ್ಲೇ ಇದೆ: ಒಂದು ಬೆಕ್ಕಿಗೆ ಸರಿಯಾಗಿದ್ದ ಮಾತನ್ನು ಬೇರೆ ಥರ ಬದುಕುವ ಇನ್ನೊಂದು ಬೆಕ್ಕಿಗೆ ಹಾಗೆಯೇ ಹೇಳುವುದು. ಪಕ್ಕದ ಮನೆಯವರು ಹೇಳಲಿ, ಅಂಗಡಿಯವರು ಹೇಳಲಿ, ವಿಡಿಯೊದಲ್ಲಿ ಬರಲಿ, ಯಾವ ಸಲಹೆಗೂ ಮೊದಲು ಕೇಳಬೇಕಾದದ್ದು, ಇದು ಯಾವ ಬೆಕ್ಕಿನ ಬಗ್ಗೆ ಹೇಳಿದ ಮಾತು? ಅದರ ವಯಸ್ಸೆಷ್ಟು, ತೂಕವೆಷ್ಟು, ಹೊರಗೆ ತಿರುಗುತ್ತದೆಯೇ, ದಿನದಲ್ಲಿ ಬೇರೆ ಏನೇನು ತಿನ್ನುತ್ತದೆ? ಇದಕ್ಕೆ ಉತ್ತರವಿಲ್ಲದ ಸಲಹೆಯನ್ನು ಕೇಳಿ ಬಿಟ್ಟುಬಿಡಬಹುದು.

ಎಷ್ಟೋ ಸಲ ಆ ಸಲಹೆ ನಾಯಿಯದ್ದಾಗಿರುತ್ತದೆ. ನಾಯಿ ಮತ್ತು ಬೆಕ್ಕು ಎರಡೂ ಮಾಂಸ ತಿನ್ನುತ್ತವೆ, ಆದರೆ ಒಳಗಿನ ರಸಾಯನ ಬೇರೆ. ಸಸ್ಯದಿಂದ ಸಿಗುವ ಕಚ್ಚಾ ಪದಾರ್ಥಗಳನ್ನು ತನಗೆ ಬೇಕಾದ ಪೋಷಕಾಂಶಗಳಾಗಿ ಬದಲಿಸಿಕೊಳ್ಳುವ ಕೆಲವು ದಾರಿಗಳು ಬೆಕ್ಕಿನ ದೇಹದಲ್ಲಿ ಇಲ್ಲ, ಇದ್ದರೂ ಸಾಲದು. ಕ್ಯಾರೆಟ್‌ನ ಬೀಟಾ ಕ್ಯಾರೊಟಿನ್‌ನಿಂದ ನಾಯಿ ಎ ಜೀವಸತ್ವ ಮಾಡಿಕೊಳ್ಳುತ್ತದೆ, ಬೆಕ್ಕಿಗೆ ಆಗದು. ಬಿಸಿಲಿನಲ್ಲಿ ಮಲಗಿದರೂ ಬೆಕ್ಕಿನ ಚರ್ಮದಲ್ಲಿ ಸಾಕಷ್ಟು ಡಿ ಜೀವಸತ್ವ ಹುಟ್ಟುವುದಿಲ್ಲ. ನಯಾಸಿನ್ ಎಂಬ ಬಿ ಜೀವಸತ್ವ, ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಇವೂ ಆಹಾರದಿಂದ ಸಿದ್ಧವಾಗಿಯೇ ಬರಬೇಕು. ಅರ್ಜಿನಿನ್ ಎಂಬ ಅಮೈನೊ ಆಮ್ಲ ಪೂರ್ತಿ ಇಲ್ಲದ ಒಂದೇ ಒಂದು ಊಟ ಕೊಟ್ಟರೂ ರಕ್ತದಲ್ಲಿ ಅಮೋನಿಯಾ ಏರಿ ಬೆಕ್ಕು ಕೆಲವೇ ಗಂಟೆಗಳಲ್ಲಿ ಕಾಯಿಲೆ ಬೀಳುವುದನ್ನು 1978ರಲ್ಲೇ ಪ್ರಯೋಗದಲ್ಲಿ ತೋರಿಸಲಾಗಿದೆ. ಮಾಂಸದಲ್ಲಿ ಅರ್ಜಿನಿನ್ ಧಾರಾಳವಾಗಿರುವುದರಿಂದ ಮನೆಯಲ್ಲಿ ಆ ಭಯ ಇಲ್ಲ, ಆದರೆ ಬೆಕ್ಕು ಎಷ್ಟು ಬಿಗಿಯಾಗಿ ಮಾಂಸಕ್ಕೆ ಕಟ್ಟುಬಿದ್ದ ಪ್ರಾಣಿ ಎಂದು ಇದರಿಂದ ತಿಳಿಯುತ್ತದೆ. ಸಿಹಿ ಗುರುತಿಸುವ ರುಚಿಗ್ರಾಹಕವೂ ಅದಕ್ಕಿಲ್ಲ. ಕೇಸರಿಬಾತಿಗೆ ಬಾಯಿ ಹಾಕಿದರೆ ಅದು ತುಪ್ಪದ ಆಸೆಗೆ.

ಟಾರಿನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಪಾಲ್ ಪಿಯೋನ್ ಮತ್ತು ಜೊತೆಗಾರರು, ಹೃದಯ ಹಿಗ್ಗಿ ಸಾಯುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ತೀರಾ ಕಡಿಮೆ ಇರುವುದನ್ನು ಕಂಡರು. ಟಾರಿನ್ ಕೊಟ್ಟಾಗ ಹೃದಯ ಚೇತರಿಸಿಕೊಂಡಿತು. ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಅಂಗಡಿಯ ಪ್ಯಾಕೆಟ್ ಆಹಾರವನ್ನೇ. ಅದಾದ ಮೇಲೆ ತಯಾರಕರು ಟಾರಿನ್ ಪ್ರಮಾಣ ಏರಿಸಿದರು, ಆ ಕಾಯಿಲೆ ಬಲು ಅಪರೂಪವಾಯಿತು. ಪ್ರಾಣಿಗಳ ಆಹಾರಕ್ಕೆ ಮಾನದಂಡ ರೂಪಿಸುವ ಅಮೆರಿಕದ ಆಫ್ಕೊ (AAFCO) ಸಂಸ್ಥೆಯ ಇಂದಿನ ಮಾನದಂಡದಲ್ಲಿ ಒಣ ಆಹಾರಕ್ಕೆ ಕನಿಷ್ಠ 0.1 ಶೇಕಡಾ, ಡಬ್ಬಿಯ ಆಹಾರಕ್ಕೆ 0.2 ಶೇಕಡಾ ಟಾರಿನ್ ಇರಬೇಕೆಂದಿದೆ. ಎರಡೂ ನೀರಿನಂಶ ತೆಗೆದ ಲೆಕ್ಕ. ಡಬ್ಬಿಯಲ್ಲಿ ಬೇಯಿಸಿದ ಆಹಾರ ತಿಂದ ಬೆಕ್ಕಿನ ಕರುಳಿನಲ್ಲಿ ಹೆಚ್ಚು ಟಾರಿನ್ ನಷ್ಟವಾಗುತ್ತದೆ, ಅದಕ್ಕೇ ದುಪ್ಪಟ್ಟು. ಕೊರತೆಯಾದರೆ ಹೃದಯದ ಜೊತೆ ಕಣ್ಣಿನ ಅಕ್ಷಿಪಟಲವೂ ಕೆಡುತ್ತದೆ, ಕೆಟ್ಟ ಅಕ್ಷಿಪಟಲ ಮತ್ತೆ ಸರಿಯಾಗದು. ತಿಂಗಳುಗಟ್ಟಲೆ ಏನೂ ಗೊತ್ತಾಗದೆ ನಡೆಯುವ ಹಾನಿ ಇದು. "ನಮ್ಮ ಬೆಕ್ಕು ನಾಯಿಯ ಪೆಡಿಗ್ರಿಯನ್ನೇ ತಿಂದು ಚೆನ್ನಾಗಿದೆ" ಎಂಬ ಮಾತನ್ನು ಆರು ತಿಂಗಳ ಅನುಭವದ ಮೇಲೆ ನಂಬಬಾರದು ಎನ್ನುವುದು ಇದಕ್ಕಾಗಿ. ನಾಯಿಯ ಆಹಾರಕ್ಕೆ ಟಾರಿನ್ ಸೇರಿಸಲೇಬೇಕೆಂಬ ನಿಯಮ ಇಲ್ಲ, ಪ್ರೋಟೀನ್ ಕೂಡ ಬೆಕ್ಕಿಗೆ ಸಾಲದು.

ಹಾಗಾದರೆ ಮನೆಯಲ್ಲೇ ಬರೀ ಕೋಳಿ ಬೇಯಿಸಿ ಹಾಕಿದರೆ? ಮೊದಲು ಕೆಡುವುದು ಕ್ಯಾಲ್ಸಿಯಂ. ಮೂಳೆಯಿಲ್ಲದ 100 ಗ್ರಾಂ ಕೋಳಿಮಾಂಸದಲ್ಲಿ ಕ್ಯಾಲ್ಸಿಯಂ ಸುಮಾರು 10 ಮಿಲಿಗ್ರಾಂ, ರಂಜಕ 180ರ ಆಸುಪಾಸು. ಬೆಕ್ಕಿಗೆ ಎರಡೂ ಹೆಚ್ಚೂಕಮ್ಮಿ ಸಮಸಮ ಬೇಕು, ಕ್ಯಾಲ್ಸಿಯಂ ಒಂದು ಕೈ ಮೇಲಿದ್ದರೆ ಒಳ್ಳೆಯದು. ಈ ಅನುಪಾತ ತಪ್ಪಿದಾಗ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಬೆಳೆಯುವ ಮರಿಗಳಲ್ಲಿ ಇದು ವಾರಗಳಲ್ಲೇ ಕಾಣಿಸಿಕೊಳ್ಳುತ್ತದೆ: ಜಿಗಿಯಲು ಹಿಂಜರಿಯುತ್ತವೆ, ಕುಂಟುತ್ತವೆ, ಸೋಫಾದಿಂದ ಇಳಿದಷ್ಟಕ್ಕೇ ಕಾಲು ಮುರಿಯುತ್ತದೆ. "ಮರಿಗೆ ಬರೀ ಚಿಕನ್ ಕೊಡುತ್ತಿದ್ದೇವೆ, ತುಂಬ ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ" ಎನ್ನುವ ಮನೆಗಳಲ್ಲೇ ಇದು ಹೆಚ್ಚು. ಮೊಟ್ಟೆಯ ಸಿಪ್ಪೆ ಒಣಗಿಸಿ ನುಣ್ಣಗೆ ಪುಡಿ ಮಾಡಿದರೆ 1 ಗ್ರಾಂನಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ, 4 ಕಿಲೊ ಬೆಕ್ಕಿನ ಒಂದು ದಿನಕ್ಕೆ ಹೆಚ್ಚೂಕಮ್ಮಿ ಅಷ್ಟೇ ಸಾಕು. ಆದರೆ ಅಯೋಡಿನ್, ಇ ಜೀವಸತ್ವ, ಥಯಮಿನ್, ಸತು, ತಾಮ್ರ ಇವೆಲ್ಲ ಇನ್ನೂ ಬಾಕಿ ಉಳಿಯುತ್ತವೆ. ಪಿತ್ತಜನಕಾಂಗ ಸೇರಿಸಿದರೆ ಕೆಲವು ತುಂಬುತ್ತವೆ. ಅದನ್ನೇ ದಿನವೂ ಕೊಟ್ಟರೆ ಎ ಜೀವಸತ್ವ ಮಿತಿಮೀರಿ ಕುತ್ತಿಗೆಯ ಕಶೇರುಗಳು ಒಂದಕ್ಕೊಂದು ಬೆಸೆದುಕೊಂಡು ಬೆಕ್ಕಿಗೆ ತಲೆ ತಿರುಗಿಸಲೂ ಆಗದ ಸ್ಥಿತಿ ಬರುತ್ತದೆ. ವಾರಕ್ಕೆ ಒಮ್ಮೆ 15–20 ಗ್ರಾಂ ಮೀರದಿರಲಿ.

2019ರಲ್ಲಿ ಡೇವಿಸ್‌ನ ಪಶುವೈದ್ಯ ಪೋಷಣಾ ತಜ್ಞರು ಬೆಕ್ಕಿಗೆ ಮನೆಯಡುಗೆ ಎಂದು ಪುಸ್ತಕಗಳಲ್ಲೂ ಅಂತರ್ಜಾಲದಲ್ಲೂ ಸಿಗುವ 114 ಪಾಕವಿಧಾನಗಳನ್ನು ಪರೀಕ್ಷಿಸಿದರು. ಎಲ್ಲ ಅಗತ್ಯ ಪೋಷಕಾಂಶಗಳನ್ನೂ ಸಾಕಷ್ಟು ಕೊಡುವ ಒಂದೇ ಒಂದು ಪಾಕವಿಧಾನವೂ ಅದರಲ್ಲಿ ಸಿಗಲಿಲ್ಲ. ಪಶುವೈದ್ಯರೇ ಬರೆದವೂ ಅದರಲ್ಲಿದ್ದವು. ಇದನ್ನು ತಿಳಿದ ಮೇಲೆ ಒಂದೂವರೆ ನಿಮಿಷದ ವಿಡಿಯೊದಲ್ಲಿ "ಚಿಕನ್, ಕ್ಯಾರೆಟ್, ಒಂದು ಹಿಡಿ ಅನ್ನ" ಎಂದು ಹೇಳುವವರ ಮಾತನ್ನು ಎಷ್ಟು ತೂಗಬೇಕೋ ಅಷ್ಟೇ ತೂಗಬಹುದು. ಕಾಯಿಲೆಯ ಕಾರಣಕ್ಕೆ ಮನೆಯಡುಗೆಯೇ ಬೇಕಾದರೆ ಪಶುವೈದ್ಯ ಪೋಷಣೆಯಲ್ಲಿ ಪರಿಣತಿ ಪಡೆದವರು ಆ ಬೆಕ್ಕಿಗೆಂದೇ, ಗ್ರಾಂ ಲೆಕ್ಕದಲ್ಲಿ, ಪೂರಕ ಪುಡಿಗಳ ಹೆಸರು ಸಮೇತ ಬರೆದುಕೊಡಬೇಕು.

ಮೀನಿನ ವಿಷಯ ನಮ್ಮಲ್ಲಿ ಬೇರೆಯೇ ನೋಡಬೇಕು. ತಲಶ್ಶೇರಿ, ಮಂಗಳೂರಿನ ಕಡೆಯಿಂದ ಘಾಟಿ ಹತ್ತಿ ಬರುವ ಮತ್ತಿ, ಬಂಗುಡೆ, ಕೆರೆ-ಜಲಾಶಯದ ಗೆಂಡೆ ಜಾತಿಯ ಮೀನು, ಸಂತೆಯ ಒಣಮೀನು ಮೂರಕ್ಕೂ ಒಂದೇ ನಿಯಮ ಅಲ್ಲ. ಗೆಂಡೆಯಂಥ ಹಲವು ಮೀನುಗಳ ಹಸಿ ಮಾಂಸ ಮತ್ತು ಕರುಳಿನಲ್ಲಿ ಥಯಮಿನೇಸ್ ಎಂಬ ಕಿಣ್ವ ಇರುತ್ತದೆ, ಅದು ಥಯಮಿನ್ ಅಂದರೆ ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಹಸಿ ಮೀನನ್ನೇ ಮುಖ್ಯ ಆಹಾರವಾಗಿ ಕೆಲವು ವಾರ ತಿಂದ ಬೆಕ್ಕು ಊಟ ಬಿಡುತ್ತದೆ, ಓಲಾಡುತ್ತದೆ, ಕುತ್ತಿಗೆ ಎದೆಯ ಕಡೆಗೆ ಬಾಗಿ ಎತ್ತಲಾರದಂತಾಗುತ್ತದೆ, ಕೊನೆಗೆ ಸೆಳೆತ ಬರುತ್ತದೆ. ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ. ಹಾಗಾಗಿ ಮೀನನ್ನು ಬೇಯಿಸಿಯೇ ಕೊಡಿ, ಕರುಳು ಬೇಡ. ಕೆರೆಯ ಮೀನಿನ ಹೊಟ್ಟೆಯಲ್ಲಿ ಕೆಲವೊಮ್ಮೆ ಗಾಳದ ಮುಳ್ಳೂ ಇರುತ್ತದೆ. ಮತ್ತಿಯಂಥ ಎಣ್ಣೆಮೀನನ್ನೇ ದಿನವೂ ಕೊಟ್ಟರೆ ಇ ಜೀವಸತ್ವ ಸಾಲದೆ ಮೈಕೊಬ್ಬು ಊದಿಕೊಂಡು ನೋಯುತ್ತದೆ, ಎತ್ತಿಕೊಂಡರೆ ಬೆಕ್ಕು ಕಿರುಚುತ್ತದೆ. ಒಣಮೀನಿನ ತೊಂದರೆ ಉಪ್ಪು: ಒಂದೆರಡು ಗಂಟೆ ನೆನೆಸಿ, ನೀರು ಚೆಲ್ಲಿ, ಮತ್ತೆ ಬೇಯಿಸಿ, ರುಚಿಗೆ ಚಿಟಿಕೆ. ಹೊಟ್ಟೆ ತುಂಬಿಸುವ ಆಹಾರ ಅದಲ್ಲ.

ಇಷ್ಟು ಹೇಳಿದ ಮೇಲೆ ನನ್ನ ತೀರ್ಮಾನ ಸ್ಪಷ್ಟವಾಗಿಯೇ ಹೇಳುತ್ತೇನೆ. ಮನೆಯೊಳಗೇ ಇರುವ ಬೆಕ್ಕಿಗೆ, ಕಿಸೆಗೆ ಎಟಕುವ ಮಟ್ಟಿಗೆ, ಬೆಕ್ಕಿಗೆಂದೇ ಮಾಡಿದ ಪೂರ್ಣ ಆಹಾರವೇ ಬುನಾದಿಯಾಗಿರಬೇಕು. ಮೀನು, ಕೋಳಿ, ಮೊಟ್ಟೆ ಎಲ್ಲ ಸೇರಿ ದಿನದ ಶಕ್ತಿಯ ಹತ್ತನೇ ಒಂದು ಭಾಗದೊಳಗೆ ಇರಲಿ. 4 ಕಿಲೊ ಬೆಕ್ಕಿಗೆ ಅದು 20–24 ಕಿಲೊಕ್ಯಾಲರಿ, ಬೇಯಿಸಿದ ಕೋಳಿಯಾದರೆ ಹನ್ನೆರಡು ಗ್ರಾಂನಷ್ಟು. ಹೊರಗೆ ಬೇಟೆಯಾಡುವ ತೋಟದ ಬೆಕ್ಕಿಗೆ ಈ ಲೆಕ್ಕ ಸಡಿಲ. ಅದಕ್ಕೆ ಬೇರೆ ಅಪಾಯ ಇದೆ: ಗದ್ದೆಗೆ, ಗೋದಾಮಿಗೆ ಇಟ್ಟ ಜಿಂಕ್ ಫಾಸ್ಫೈಡ್, ಬ್ರೋಮಾಡಿಯೊಲೋನ್ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯುತ್ತದೆ. ಬ್ರೋಮಾಡಿಯೊಲೋನ್ ಆದರೆ ಮೂರು-ನಾಲ್ಕು ದಿನ ಬಿಟ್ಟು ರಕ್ತಸ್ರಾವ ಶುರುವಾಗುತ್ತದೆ. ವಿಷ ಇಟ್ಟ ವಾರಗಳಲ್ಲಿ ಬೆಕ್ಕನ್ನು ಒಳಗೆ ಕಟ್ಟಿಹಾಕಲಾಗದಿದ್ದರೆ ವಿಷದ ಬದಲು ಬೋನೇ ಒಳ್ಳೆಯದು.

ಪೂರ್ಣ ಆಹಾರ ಯಾವುದೆಂದು ಹೇಗೆ ಗೊತ್ತಾಗುತ್ತದೆ? ಪ್ಯಾಕೆಟ್‌ನ ಮುಂದಿರುವ ಬೆಕ್ಕಿನ ಚಿತ್ರ, "ಪ್ರೀಮಿಯಂ", "ನ್ಯಾಚುರಲ್", "ಗ್ರೇನ್ ಫ್ರೀ" ಇವನ್ನು ಬಿಟ್ಟು ಹಿಂಭಾಗ ತಿರುಗಿಸಿ. "ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್" ಎಂದು ಇದೆಯೇ, ಯಾವ ವಯಸ್ಸಿಗೆ ಎಂದು ಇದೆಯೇ, ಆಫ್ಕೊ ಅಥವಾ ಯುರೋಪಿನ ಫೆಡಿಯಾಫ್ (FEDIAF) ಮಾನದಂಡದ ಹೆಸರು ಇದೆಯೇ ನೋಡಿ. "ಕಾಂಪ್ಲಿಮೆಂಟರಿ" ಎಂದಿದ್ದರೆ ಅದು ಮೇಲುತಿಂಡಿ. ಗ್ರೇವಿ ಪೌಚ್‌ಗಳಲ್ಲೂ, ನೆಕ್ಕಿಸುವ ಟ್ಯೂಬ್‌ಗಳಲ್ಲೂ ಇದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಆಫ್ಕೊ ಯಾವ ಪ್ಯಾಕೆಟ್ಟನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದಿಲ್ಲ, ಅದು ಮಾನದಂಡ ರೂಪಿಸುವ ಸಂಸ್ಥೆ ಮಾತ್ರ. "ಆಫ್ಕೊ ಅಪ್ರೂವ್ಡ್" ಎಂದು ಹೇಳುವ ಮಾರಾಟಗಾರರಿಗೆ ವಿಷಯ ಗೊತ್ತಿಲ್ಲ ಎಂದೇ ಅರ್ಥ. ವಯಸ್ಕ ಬೆಕ್ಕಿಗೆ ಆ ಮಾನದಂಡದ ಕನಿಷ್ಠ ಪ್ರೋಟೀನ್ 26 ಶೇಕಡಾ, ಮರಿಗೂ ಗಬ್ಬದ ಬೆಕ್ಕಿಗೂ 30, ಕೊಬ್ಬು 9. ಇವೂ ನೀರಿನಂಶ ತೆಗೆದ ಲೆಕ್ಕದವು.

ಆ ಲೆಕ್ಕ ಮಾಡಲು ಬಾರದೆ ಮೋಸ ಹೋಗುವವರು ಬಹಳ. ಪೌಚ್‌ನ ಮೇಲೆ ಪ್ರೋಟೀನ್ 10 ಶೇಕಡಾ, ಕಾಳಿನ ರೂಪದ ಒಣ ಆಹಾರದ ಮೇಲೆ 32 ಎಂದು ಕಂಡಾಗ ಕಾಳೇ ಮೇಲು ಅನ್ನಿಸುತ್ತದೆ. ಪೌಚ್‌ನಲ್ಲಿ 80 ಭಾಗ ನೀರು, ಉಳಿದ 20ರಲ್ಲಿ 10 ಪ್ರೋಟೀನ್, ಅಂದರೆ 50 ಶೇಕಡಾ. ಕಾಳಿನಲ್ಲಿ 10 ಭಾಗ ನೀರು, ಉಳಿದ 90ರಲ್ಲಿ 32, ಅಂದರೆ 35.5. ಇನ್ನು ಶಕ್ತಿಯ ಲೆಕ್ಕ. ಪ್ಯಾಕೆಟ್‌ನಲ್ಲಿ ಕ್ಯಾಲರಿ ಬರೆದಿಲ್ಲದಿದ್ದರೆ ಹೀಗೆ ಅಂದಾಜು ಮಾಡಬಹುದು. ಪ್ರೋಟೀನ್ 32, ಕೊಬ್ಬು 12, ನಾರು 3, ನೀರು 10, ಬೂದಿ ಅಂದರೆ ಖನಿಜಾಂಶ 8 ಎಂದಿದೆ ಎನ್ನಿ (ಬೂದಿ ಬರೆದಿಲ್ಲದಿದ್ದರೆ ಒಣ ಆಹಾರಕ್ಕೆ 8 ಹಿಡಿಯಿರಿ). ನೂರರಲ್ಲಿ ಇವನ್ನು ಕಳೆದರೆ ಉಳಿಯುವ 35 ಪಿಷ್ಟ. ಪ್ರೋಟೀನ್ ಮತ್ತು ಪಿಷ್ಟವನ್ನು ತಲಾ 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿಸಿ: 112, 122.5, 102. ಒಟ್ಟು 100 ಗ್ರಾಂಗೆ ಸುಮಾರು 336 ಕಿಲೊಕ್ಯಾಲರಿ.

ಬೆಕ್ಕಿಗೆ ಎಷ್ಟು ಬೇಕು? ತೂಕದ 0.75 ಘಾತಕ್ಕೆ 70ರಿಂದ ಗುಣಿಸಿದರೆ ಮೂಲ ಅಗತ್ಯ ಸಿಗುತ್ತದೆ. 4 ಕಿಲೊಗೆ ಅದು 198. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ತೂಕವನ್ನು ಅದರಿಂದಲೇ ಮೂರು ಸಲ ಗುಣಿಸಿ (4 × 4 × 4), ಎರಡು ಸಲ ವರ್ಗಮೂಲ ಒತ್ತಿ, 70ರಿಂದ ಗುಣಿಸಿದರೂ ಅದೇ ಉತ್ತರ. ಸಂತಾನಹರಣವಾದ ವಯಸ್ಕ ಬೆಕ್ಕಿಗೆ ಇದರ 1.2 ಪಟ್ಟು, ಮಲಗಿಯೇ ಕಾಲ ಕಳೆಯುವ ಬೆಕ್ಕಿಗೆ 1 ಪಟ್ಟು, ಬೆಳೆಯುವ ಮರಿಗೆ ಸುಮಾರು 2.5 ಪಟ್ಟು. ಹಾಗಾಗಿ ಮೇಲಿನ ಕಾಳು 4 ಕಿಲೊ ಬೆಕ್ಕಿಗೆ ದಿನಕ್ಕೆ 59ರಿಂದ 71 ಗ್ರಾಂ, ತಿಂಗಳಿಗೆ ಎರಡು ಕಿಲೊ ಆಸುಪಾಸು. ಒಂದು ಕಿಲೊ ತೂಕದ ಮರಿಗೆ 175 ಕಿಲೊಕ್ಯಾಲರಿ ಬೇಕು, ನಾಲ್ಕು ಪಟ್ಟು ದೊಡ್ಡ ಬೆಕ್ಕಿಗೆ ಬೇಕಾದಷ್ಟೇ ಹೆಚ್ಚೂಕಮ್ಮಿ. ಮರಿಗೆ ಅರ್ಧ ಹೊಟ್ಟೆ ಹಾಕುವ ಮನೆಗಳು ಇದನ್ನು ಗಮನಿಸಬೇಕು. ಇದೆಲ್ಲ ಆರಂಭದ ಅಂಕಿ. ಎರಡು ವಾರಕ್ಕೊಮ್ಮೆ ತೂಗಿ ಸರಿಮಾಡಿಕೊಳ್ಳಬೇಕು.

ಲೋಟದಲ್ಲಿ ಅಳೆಯಬೇಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ದಿನಕ್ಕೆ 10 ಗ್ರಾಂ ಕಾಳು ಹೆಚ್ಚಾದರೆ ಅದು ಏಳನೇ ಒಂದು ಭಾಗದಷ್ಟು ಹೆಚ್ಚು, ಮೈ ಬರಲು ಅಷ್ಟು ಸಾಕು. ಸಂತಾನಹರಣವಾದ ಮೇಲೆ ಶಕ್ತಿಯ ಅಗತ್ಯ ಕಾಲುಭಾಗದಷ್ಟು ಇಳಿಯುತ್ತದೆ, ಹಸಿವು ಏರುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಿದ ತಿಂಗಳಲ್ಲೇ ಪ್ರಮಾಣ ಕಡಿಮೆ ಮಾಡಬೇಕೆಂದು ಬಹಳ ಮನೆಗಳಿಗೆ ಯಾರೂ ಹೇಳಿರುವುದಿಲ್ಲ. ಪಕ್ಕೆಲುಬಿನ ಮೇಲೆ ಬೆರಳಾಡಿಸಿ: ಬಿಡಿಸಿದ ಅಂಗೈಯ ಹಿಂಬದಿಯ ಎಲುಬುಗಳಂತೆ ತೆಳು ಹೊದಿಕೆಯಡಿ ಸಿಕ್ಕರೆ ಸರಿ, ಒತ್ತಿ ಹುಡುಕಬೇಕಾದರೆ ದಪ್ಪ, ನೋಡಿದರೇ ಕಂಡರೆ ಸೊರಗು. ದಪ್ಪಗಾದ ಬೆಕ್ಕನ್ನು ಉಪವಾಸ ಕೆಡವಿ ಇಳಿಸಲು ಹೋಗಬಾರದು. ಎರಡು-ಮೂರು ದಿನ ಊಟ ಬಿಟ್ಟ ದಪ್ಪ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಕಾಮಾಲೆಯಾಗಿ ಜೀವಕ್ಕೇ ಬರುತ್ತದೆ. ವಾರಕ್ಕೆ ತೂಕದ ಶೇಕಡಾ 1ರಷ್ಟು, ಅಂದರೆ 6 ಕಿಲೊ ಬೆಕ್ಕಾದರೆ 60 ಗ್ರಾಂ ಇಳಿದರೆ ಸಾಕು.

ನೀರಿನ ಲೆಕ್ಕವೂ ಇಲಿಯಿಂದಲೇ ಶುರುವಾಗುತ್ತದೆ. ಕಿಲೊ ತೂಕಕ್ಕೆ ದಿನಕ್ಕೆ ಸುಮಾರು 50 ಮಿಲಿಲೀಟರ್, ಆಹಾರದೊಳಗಿನ ನೀರೂ ಸೇರಿ. 70 ಗ್ರಾಂ ಒಣ ಕಾಳಿನಲ್ಲಿ ಸಿಗುವ ನೀರು 7 ಮಿಲಿ, ಉಳಿದ 190ಕ್ಕೂ ಹೆಚ್ಚನ್ನು ಬೆಕ್ಕು ಕುಡಿಯಬೇಕು. ಬಹಳ ಬೆಕ್ಕುಗಳು ಅಷ್ಟು ಕುಡಿಯುವುದಿಲ್ಲ. ಮಳೆಗಾಲದ ಚಳಿಯಲ್ಲಂತೂ ಇನ್ನೂ ಕಡಿಮೆ. ಮೂತ್ರ ಗಟ್ಟಿಯಾಗುತ್ತದೆ, ಹರಳು ಕಟ್ಟುತ್ತದೆ. ಗಂಡುಬೆಕ್ಕಿನ ಮೂತ್ರನಾಳ ಕಿರಿದು, ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮಲಮೂತ್ರಕ್ಕೆಂದು ಇಟ್ಟ ಮಣ್ಣಿನ ತಟ್ಟೆಗೆ ಮತ್ತೆ ಮತ್ತೆ ಹೋಗಿ ಕೂತು ತಿಣುಕಿ ಒಂದು ಹನಿಯೂ ಬಾರದಿದ್ದರೆ ಅದು ಮಲಬದ್ಧತೆ ಎಂದು ಎಣ್ಣೆ ಕುಡಿಸುತ್ತಾ ಕೂರಬೇಡಿ, ಅದೇ ದಿನ ವೈದ್ಯರ ಬಳಿ ಹೋಗಬೇಕು, ಎರಡು ದಿನ ತಡೆದರೆ ಉಳಿಯುವುದಿಲ್ಲ. ತಡೆಯುವ ದಾರಿ: ದಿನಕ್ಕೆ ಒಂದು ಹೊತ್ತಾದರೂ ಪೌಚ್, ಇಲ್ಲವೇ ಕಾಳಿಗೆ ಅದರ ತೂಕದಷ್ಟೇ ಬೆಚ್ಚಗಿನ ನೀರು. ಕೋಳಿ ಬೇಯಿಸಿದ ನೀರನ್ನು, ಉಪ್ಪು-ಈರುಳ್ಳಿ ಏನೂ ಹಾಕದೆ, ಮೇಲೆ ಹೊಯ್ಯಬಹುದು. ಟಾರಿನ್ ಬೇಯಿಸಿದ ನೀರಿಗೆ ಇಳಿಯುವುದರಿಂದ ಅದನ್ನು ಚೆಲ್ಲುವುದು ನಷ್ಟ. ನೀರಿನ ಬಟ್ಟಲನ್ನು ಊಟದ ತಟ್ಟೆಯ ಪಕ್ಕ ಇಡದೆ ಮನೆಯ ಎರಡು-ಮೂರು ಕಡೆ ಅಗಲ ಬಾಯಿಯ ಪಾತ್ರೆಯಲ್ಲಿ ಇಡಿ.

ಇನ್ನು ಮಳೆ. ವಿದೇಶದ ಯಾವ ಮಾರ್ಗದರ್ಶಿಯಲ್ಲೂ ಕಕ್ಕಡದ, ಅಂದರೆ ಕೊಡಗಿನ ಜಡಿಮಳೆಯ ತಿಂಗಳ, ತೇವ ಇಲ್ಲ. ಪ್ಯಾಕೆಟ್ ಒಡೆದ ದಿನದಿಂದ ಕಾಳಿನ ಕೊಬ್ಬು ಹಳಸಲು ಶುರುವಾಗುತ್ತದೆ, ತೇವ ಸೇರಿದರೆ ಬೂಸ್ಟು. ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಇದ್ದರೆ ಪಿತ್ತಜನಕಾಂಗಕ್ಕೆ ವಿಷ, ಬಿಸಿಲಿಗೆ ಹಾಕಿದರೂ ಹುರಿದರೂ ಅದು ಹೋಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ತಿಂಗಳೊಳಗೆ ಮುಗಿಯುವಷ್ಟೇ ಸಣ್ಣ ಪ್ಯಾಕೆಟ್ ಒಡೆಯಿರಿ. ಕಾಳನ್ನು ಡಬ್ಬಕ್ಕೆ ಸುರಿಯದೆ ಪ್ಯಾಕೆಟ್ಟಿನ ಬಾಯಿ ಮಡಚಿ ಪ್ಯಾಕೆಟ್ ಸಮೇತ ಸ್ಟೀಲ್ ಡಬ್ಬದಲ್ಲಿಡಿ. ಬ್ಯಾಚ್ ಸಂಖ್ಯೆ, ದಿನಾಂಕ ಕೈಯಲ್ಲೇ ಉಳಿಯುತ್ತವೆ, ಡಬ್ಬದ ಗೋಡೆಗೆ ಹಳೆಯ ಜಿಡ್ಡು ಹತ್ತುವುದಿಲ್ಲ. ಅಂಗಡಿಯಲ್ಲಿ ದೊಡ್ಡ ಚೀಲದಿಂದ ಬಿಡಿಯಾಗಿ ತೂಗಿಕೊಡುವ ಕಾಳು ಎಷ್ಟೇ ಅಗ್ಗವಾದರೂ ಮಳೆಗಾಲದಲ್ಲಿ ಬೇಡವೇ ಬೇಡ. ಅದು ಯಾವ ತಯಾರಿ, ಚೀಲ ಯಾವಾಗ ಒಡೆದದ್ದು ಎಂದು ಯಾರೂ ಹೇಳಲಾರರು. ನೀರು ಬೆರೆಸಿದ ಕಾಳು, ಪೌಚ್ ಎರಡನ್ನೂ ಒಂದೆರಡು ಗಂಟೆಯಲ್ಲಿ ಎತ್ತಿಬಿಡಿ. ಕರೆಂಟು ಹೋದ ದಿನಗಳಲ್ಲಿ ಒಡೆದ ಪೌಚನ್ನು ಫ್ರಿಜ್ ನಂಬಿ ಇಡಬೇಡಿ. 2018ರ ಆಗಸ್ಟ್‌ನಲ್ಲಿ ಭೂಕುಸಿತವಾಗಿ ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಜೂನ್‌ಗೆ ಮೊದಲೇ ಒಂದು ತಿಂಗಳ ಒಡೆಯದ ಪ್ಯಾಕೆಟ್ ಮನೆಯಲ್ಲಿರಲಿ. ತೀರಿಹೋದರೆ ಆರೋಗ್ಯವಂತ ವಯಸ್ಕ ಬೆಕ್ಕನ್ನು ಕೆಲವು ದಿನ ಬೇಯಿಸಿದ ಕೋಳಿತೊಡೆಯ ಮಾಂಸದಲ್ಲಿ ನಿಭಾಯಿಸಬಹುದು: ಮೂಳೆ ತೆಗೆದು ದಿನಕ್ಕೆ 120 ಗ್ರಾಂ, ಬೇಯಿಸಿದ ನೀರು ಸಮೇತ. ಎದೆಯ ಬಿಳಿ ಮಾಂಸಕ್ಕಿಂತ ತೊಡೆಯ ಕೆಂಪು ಮಾಂಸದಲ್ಲಿ ಟಾರಿನ್ ಹೆಚ್ಚು.

ಹಸಿ ಮಾಂಸವೇ ಸಹಜ ಎಂಬ ವಾದ ಈಗ ಜೋರಾಗಿದೆ. ಬೆಕ್ಕು ಇಲಿಯನ್ನು ಹಸಿಯಾಗಿಯೇ ತಿನ್ನುತ್ತಿತ್ತಲ್ಲ ಎನ್ನುತ್ತಾರೆ. ಆಗಷ್ಟೇ ಸತ್ತ ಇಲಿಗೂ ಅಂಗಡಿಯ ಹಲಗೆಯ ಮೇಲೆ ಗಂಟೆಗಟ್ಟಲೆ ಇದ್ದ ಕೋಳಿಗೂ ವ್ಯತ್ಯಾಸ ಇದೆ, ಇಲಿಯಿಂದಲೂ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಬರುತ್ತಿತ್ತು. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕುಬೆಕ್ಕುಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಕಂಡುಬಂದಿತ್ತು. ಬೇಯಿಸಿಯೇ ಕೊಡಿ. ಮನೆಯಲ್ಲಿ ಬಸುರಿ ಇದ್ದರೆ ಬೆಕ್ಕಿನ ಮಣ್ಣಿನ ತಟ್ಟೆಯನ್ನು ಬೇರೆಯವರು ದಿನವೂ ಸ್ವಚ್ಛ ಮಾಡಲಿ. ಟಾಕ್ಸೊಪ್ಲಾಸ್ಮಾ ಮೊಟ್ಟೆಗಳು ಸೋಂಕು ಹರಡುವ ಹಂತಕ್ಕೆ ಬರಲು ಒಂದು ದಿನಕ್ಕಿಂತ ಹೆಚ್ಚು ಬೇಕು.

ನಮ್ಮ ಅಡುಗೆಮನೆಯ ಅಪಾಯಗಳನ್ನು ಬೇಗ ಹೇಳಿಬಿಡುತ್ತೇನೆ. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಲ್ಲಿ ಪಂದಿ ಕರಿಯ ಎಲುಬು ಬೆಕ್ಕಿನ ಪಾಲಿಗೆ ಹೋಗುತ್ತದೆ. ಬೆಂದ ಮೂಳೆ ಸೀಳಾಗಿ ಒಡೆದು ಕರುಳಿಗೆ ಚುಚ್ಚುತ್ತದೆ, ಅದಕ್ಕಂಟಿದ ಮಸಾಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ. ಕಿಲೊ ತೂಕಕ್ಕೆ 5 ಗ್ರಾಂ ಈರುಳ್ಳಿ ಸಾಕು, ಬೆಕ್ಕಿನ ಕೆಂಪು ರಕ್ತಕಣ ಒಡೆಯಲು. ಬೇಯಿಸಿದರೂ, ಪುಡಿ ಮಾಡಿದರೂ ವಿಷ ಹೋಗದು. ಕಾಫಿಪುಡಿ, ಮನೆಯಲ್ಲಿ ಮಾಡುವ ಚಾಕೊಲೇಟ್, ದ್ರಾಕ್ಷಿ ಯಾವುದೂ ಬೇಡ. ಹಾಲು ವಿಷವಲ್ಲ, ಆದರೆ ದೊಡ್ಡ ಬೆಕ್ಕುಗಳಲ್ಲಿ ಲ್ಯಾಕ್ಟೋಸ್ ಅರಗಿಸುವ ಶಕ್ತಿ ಇಳಿದಿರುತ್ತದೆ, ಭೇದಿಯಾಗುತ್ತದೆ. ಜ್ವರವೆಂದು ಪ್ಯಾರಾಸಿಟಮಾಲ್ ಕೊಡುವುದು ಕೊಲೆಗೆ ಸಮ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ತಾಯಿ ಬಿಟ್ಟ ಮರಿಗೆ ದನದ ಹಾಲು ನೀರು ಬೆರೆಸಿ ಕೊಡುವುದು ಇನ್ನೊಂದು ರೂಢಿ. ತಾಯಿಬೆಕ್ಕಿನ ಹಾಲಿನಲ್ಲಿ ಪ್ರೋಟೀನ್, ಕೊಬ್ಬು ದನದ ಹಾಲಿಗಿಂತ ಹೆಚ್ಚು, ನೀರು ಬೆರೆಸಿದರೆ ಇನ್ನೂ ಹಾಳು. ಮರಿಗೆಂದೇ ಇರುವ ಹಾಲಿನ ಪುಡಿ ತನ್ನಿ. ಹುಟ್ಟಿದಾಗ 100 ಗ್ರಾಂ ಇರುವ ಮರಿ ದಿನಕ್ಕೆ 10–15 ಗ್ರಾಂ ಏರಬೇಕು, ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಮೊದಲು ಮರಿಯ ಮೈ ಬೆಚ್ಚಗಾಗಲಿ, ತಣ್ಣಗಿರುವ ಮರಿಗೆ ಹಾಲು ಅರಗದು. ಮೂರ್ನಾಲ್ಕು ಗಂಟೆಗೊಮ್ಮೆ, ಹೊಟ್ಟೆ ಕೆಳಗೆ ಮಾಡಿ ಮಲಗಿಸಿಯೇ ಕುಡಿಸಬೇಕು. ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಬಟ್ಟೆಯಿಂದ ಹಿಂಭಾಗ ಒರೆಸಿ ಮೂತ್ರ ಮಾಡಿಸಬೇಕು. ನಾಲ್ಕು ವಾರಕ್ಕೆ ನೆನೆಸಿದ ಮರಿಗಳ ಕಾಳು ಆರಂಭಿಸಿ, ಎಂಟಕ್ಕೆ ಹಾಲು ಬಿಡಿಸಬಹುದು.

ಓದುವುದಾದರೆ ಎಲ್ಲಿ ಓದಬೇಕು? ಇಂಗ್ಲಿಷ್ ಬರುವವರಿಗೆ ದಾರಿ ಸಲೀಸು. ಮರ್ಕ್ ಪಶುವೈದ್ಯ ಕೈಪಿಡಿ, ಕಾರ್ನೆಲ್ ವಿಶ್ವವಿದ್ಯಾಲಯದ ಬೆಕ್ಕಿನ ಆರೋಗ್ಯ ಕೇಂದ್ರ, ಇಂಟರ್‌ನ್ಯಾಷನಲ್ ಕ್ಯಾಟ್ ಕೇರ್, ಟಫ್ಟ್ಸ್ ವಿಶ್ವವಿದ್ಯಾಲಯದ ಪೋಷಣಾ ತಜ್ಞರು ಬರೆಯುವ ಲೇಖನಗಳು ಎಲ್ಲ ಉಚಿತ. ಪ್ರಪಂಚದ ಸಣ್ಣಪ್ರಾಣಿ ಪಶುವೈದ್ಯರ ಒಕ್ಕೂಟವಾದ ಡಬ್ಲ್ಯುಸಾವಾ (WSAVA), ಆಹಾರದ ಕಂಪನಿಗೆ ಯಾವ ಪ್ರಶ್ನೆ ಕೇಳಬೇಕೆಂದು ಒಂದು ಪತ್ರವನ್ನೇ ಪ್ರಕಟಿಸಿದೆ: ಸೂತ್ರ ಬರೆದವರು ಯಾರು, ಅವರ ಓದೇನು, ಎಲ್ಲಿ ತಯಾರಾಗುತ್ತದೆ, ಗುಣಮಟ್ಟ ಹೇಗೆ ಪರೀಕ್ಷಿಸುತ್ತೀರಿ, ಪೂರ್ತಿ ಪೋಷಕಾಂಶ ಪಟ್ಟಿ ಕೊಡುತ್ತೀರಾ. ಭಾರತದಲ್ಲಿ ಮಾರುವ ಪ್ರತಿ ಪ್ಯಾಕೆಟ್ ಮೇಲೂ ಗ್ರಾಹಕ ಸಂಪರ್ಕದ ವಿವರ ಇರಲೇಬೇಕು. ಅಲ್ಲಿಗೆ ಈ ಪ್ರಶ್ನೆಗಳನ್ನು ಮೇಲ್ ಮಾಡಿ. ಬಂದ ಉತ್ತರದಲ್ಲಿ ಅಂಕಿ ಇದೆಯೋ ಬರೀ ಹೊಗಳಿಕೆ ಇದೆಯೋ ನೋಡಿದರೆ ಅರ್ಧ ತೀರ್ಮಾನ ಆಗಿಹೋಗುತ್ತದೆ. ಅಮೆರಿಕದ ಬರಹಗಳಲ್ಲಿ "ಒಂದು ಕ್ಯಾನ್" ಎಂದು ಕಂಡರೆ ಎಚ್ಚರ, 85 ಗ್ರಾಂದೂ ಇದೆ, 156 ಗ್ರಾಂದೂ ಇದೆ.

ಕನ್ನಡದಲ್ಲಿ ಇಷ್ಟು ವಿವರ ಸಿಗುವುದು ಕಷ್ಟ ಎನ್ನುವುದು ನನಗೆ ನಿಜವಾಗಿ ನೋವಿನ ವಿಷಯ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಬೆಕ್ಕು ಸಾಕಿದ ಹುಡುಗಿಗೆ ಮೊಬೈಲಿನಲ್ಲಿ ಸಿಗುವುದು ಮಾರಾಟದ ವಿಡಿಯೊಗಳೇ. ಅವಳಿಗೆ ಹತ್ತಿರ ಇರುವುದು ಊರಿನ ಪಶು ಆಸ್ಪತ್ರೆ. ಅಲ್ಲಿನ ವೈದ್ಯರ ದಿನ ಹೆಚ್ಚಾಗಿ ದನ-ಕರು, ಹಂದಿಗಳ ಜೊತೆ ಕಳೆಯುತ್ತದೆ, ಆದರೂ ಬೆಕ್ಕಿನ ಪೋಷಣೆಯ ಮೂಲಪಾಠ ಅವರು ಓದಿರುತ್ತಾರೆ. ಸರಿಯಾದ ವಿವರ ಕೊಟ್ಟು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ದೊಡ್ಡ ತೊಂದರೆಗೆ ಹಾಸನ, ಹೆಬ್ಬಾಳದ ಪಶುವೈದ್ಯ ಕಾಲೇಜುಗಳಿವೆ, ಕುಟ್ಟ-ಶ್ರೀಮಂಗಲದ ಕಡೆಯವರಿಗೆ ವಯನಾಡಿನ ಪೂಕೋಡು ಹತ್ತಿರ.

ಹೋಗುವಾಗ ಪ್ಯಾಕೆಟ್ಟಿನ ಹಿಂಭಾಗದ ಫೋಟೊ, ದಿನಕ್ಕೆ ಎಷ್ಟು ಗ್ರಾಂ, ಜೊತೆಗೆ ಕೊಡುವ ಮೀನು-ಹಾಲು-ಅನ್ನದ ಅಂದಾಜು, ಹೋದ ತಿಂಗಳ ಮತ್ತು ಈ ತಿಂಗಳ ತೂಕ, ದಿನಕ್ಕೆ ಎಷ್ಟು ಸಲ ಮೂತ್ರ ಮಾಡುತ್ತದೆ, ಹೊರಗೆ ಬೇಟೆಯಾಡುತ್ತದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಆಹಾರ ಬದಲಿಸಲು ಹೇಳಿದರೆ ಏಳರಿಂದ ಹತ್ತು ದಿನದಲ್ಲಿ ನಿಧಾನ ಬದಲಿಸಿ: ಮೊದಲ ಎರಡು-ಮೂರು ದಿನ ಹೊಸತು ಕಾಲುಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಹಾಲು-ಅನ್ನಕ್ಕೇ ಒಗ್ಗಿದ ಬೆಕ್ಕು ಕಾಳನ್ನು ಮೂಸಿ ಹೋಗಿಬಿಡುತ್ತದೆ. ಅಂಥದ್ದಕ್ಕೆ ಕಾಳನ್ನು ಬಿಸಿನೀರಿನಲ್ಲಿ ನೆನೆಸಿ, ಬೇಯಿಸಿದ ಮತ್ತಿಯ ಒಂದು ಎಸಳನ್ನು ಅದರಲ್ಲಿ ಕಿವುಚಿ, ಉಗುರುಬೆಚ್ಚಗಿರುವಾಗಲೇ ಇಡಿ. ಇಪ್ಪತ್ತು ನಿಮಿಷ ಬಿಟ್ಟು ಎತ್ತಿ, ಮುಂದಿನ ಹೊತ್ತಿಗೆ ಮತ್ತೆ ಹೊಸದಾಗಿ ಇಡಿ. ಒಂದು ದಿನ ಪೂರ್ತಿ ಏನೂ ಮುಟ್ಟದಿದ್ದರೆ ಹಠ ಬಿಟ್ಟು ಹಳೆಯ ಊಟವನ್ನೇ ಕೊಟ್ಟು, ವಾರ ಬಿಟ್ಟು ಇನ್ನೂ ಸಣ್ಣ ಪ್ರಮಾಣದಿಂದ ಶುರುಮಾಡಿ.